ಊರ ಮುಂದೆ ಎಕ್ಸ್‌ಪ್ರೆಸ್‌ವೇ ಬರ್ತಿದೆಯಾ? ಮೊದಲು ದಾಟುವ ದಾರಿ ಕೇಳಿ

ನಮ್ಮದು ಮದ್ದೂರು ತಾಲ್ಲೂಕಿನ ಹಳ್ಳಿ. ಬೆಂಗಳೂರು–ಮೈಸೂರು ರಸ್ತೆಯ ಈ ಕಡೆ ಊರು, ಆ ಕಡೆ ನಮ್ಮ ಹಿಪ್ಪುನೇರಳೆ ತೋಟ, ಕಬ್ಬಿನ ಗದ್ದೆ. ರಸ್ತೆ ನಾಲ್ಕು ಪಥ ಇದ್ದಾಗ ಎರಡೂ ಕಡೆ ನೋಡಿಕೊಂಡು ಹೇಗೋ ದಾಟುತ್ತಿದ್ದೆವು. ಈಗ ಅದು ಹತ್ತು ಪಥ. ನಡುವೆ ಆರು ಪಥದ ಎಕ್ಸ್‌ಪ್ರೆಸ್‌ವೇ, ಅಕ್ಕಪಕ್ಕ ಎರಡೆರಡು ಪಥದ ಸರ್ವಿಸ್ ರಸ್ತೆ, ಮಧ್ಯೆ ಬೇಲಿ. ಸುಮಾರು 118 ಕಿಲೋಮೀಟರ್ ಉದ್ದ, 8,480 ಕೋಟಿ ರೂಪಾಯಿ ಖರ್ಚು. 2023ರ ಮಾರ್ಚ್ 12ರಂದು ಪ್ರಧಾನಿ ಮಂಡ್ಯ ಜಿಲ್ಲೆಗೆ ಬಂದು ಉದ್ಘಾಟನೆ ಮಾಡಿದರು.

ಕೆಲಸ ನಡೆಯುತ್ತಿದ್ದಾಗ ನಾನು ಗ್ರಾಮ ಪಂಚಾಯ್ತಿ ಸದಸ್ಯೆಯಾಗಿದ್ದೆ. ಅಳತೆ ಮಾಡುವವರು ಬಂದಾಗ, ಪರಿಹಾರದ ನೋಟಿಸ್ ಬಂದಾಗ, ಚರಂಡಿ ಒಡೆದು ನೀರು ನುಗ್ಗಿದಾಗ ಜನ ಮೊದಲು ಬರುತ್ತಿದ್ದದ್ದು ಸದಸ್ಯರ ಮನೆಗೇ. ಈಗ ಮೈಸೂರು–ಕುಶಾಲನಗರ ಕಡೆಯವರು, ದಾಬಸ್‌ಪೇಟೆ, ಹೊಸಕೋಟೆ ಸುತ್ತಿನವರು ಫೋನ್ ಮಾಡಿ "ಅಕ್ಕ, ನಾವೇನು ಮಾಡಬೇಕು?" ಅಂತ ಕೇಳುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ರಸ್ತೆ ಬೇಡ ಅಂತ ನಾನು ಹೇಳುವುದಿಲ್ಲ. ನಮ್ಮ ಮಕ್ಕಳೂ ಅದೇ ರಸ್ತೆಯಲ್ಲಿ ಬೇಗ ಬೆಂಗಳೂರು ಸೇರುತ್ತಾರೆ. ಆದರೆ ಎಲ್ಲ ಊರಿನಲ್ಲೂ ಮೊದಲ ಮಾತು ಪರಿಹಾರದ್ದೇ. ನಮ್ಮ ಊರಿನ ಹಿರಿಯರೊಬ್ಬರು ಹೇಳಿದ್ದರು, "ಮೊದ್ಲು ದುಡ್ಡು ಬರ್ಲಿ ಕಣವ್ವ, ದಾರಿ ಆಮೇಲೆ ನೋಡನ." ದುಡ್ಡು ಮುಖ್ಯ, ಅದರ ಬಗ್ಗೆ ಮುಂದೆ ವಿವರವಾಗಿ ಬರೆದಿದ್ದೇನೆ. ಆದರೆ ಪರಿಹಾರ ಕಡಿಮೆ ಬಂದರೆ ಆಮೇಲೂ ಕೇಸು ಹಾಕಬಹುದು. ಅಂಡರ್‌ಪಾಸ್ ನಕ್ಷೆಯಲ್ಲಿ ಇಲ್ಲದಿದ್ದರೆ, ಡಾಂಬರು ಬಿದ್ದ ಮೇಲೆ ಅದನ್ನು ಪಡೆಯಲು ವರ್ಷಗಟ್ಟಲೆ ಅಲೆಯಬೇಕು. ಅಷ್ಟರಲ್ಲಿ ಬೇಲಿ ಹಾರಲು ಹೋಗಿ ಜನ ಸಾಯುತ್ತಾರೆ. ನಮ್ಮ ರಸ್ತೆ ಶುರುವಾದಾಗ ಊರಿನವರು ದಾಟಲು ಸಾಕಾಗುವಷ್ಟು ಸ್ಕೈವಾಕ್ (ರಸ್ತೆ ಮೇಲಿನ ಕಾಲುಸೇತುವೆ) ಇರಲಿಲ್ಲ. ಅದಕ್ಕೆ ಎಷ್ಟೋ ಮನೆಗಳು ಬೆಲೆ ಕೊಟ್ಟಿವೆ.

ಅವರ ನಕ್ಷೆ ಬರುವ ಮುಂಚೆ ನಿಮ್ಮ ನಕ್ಷೆ ಮಾಡಿ

ರಸ್ತೆ ಬರುತ್ತದೆ ಅಂತ ಸುದ್ದಿ ಸಿಕ್ಕ ದಿನವೇ ಇದನ್ನು ಶುರು ಮಾಡಿ. ಕಂದಾಯ ಇಲಾಖೆಯ ಗ್ರಾಮ ನಕ್ಷೆ ತೆಗೆದುಕೊಳ್ಳಿ. ಊರಿನ ನಾಲ್ಕಾರು ಜನ ಕೂತು, ರಸ್ತೆಯನ್ನು ಯಾರು, ಯಾವಾಗ, ಯಾಕೆ ದಾಟುತ್ತಾರೆ ಅಂತ ಅದರ ಮೇಲೆ ಗುರುತು ಹಾಕಿ. ಗಂಡಸರನ್ನು ಮಾತ್ರ ಕೇಳಬೇಡಿ. ಗಂಡಸರು ಗದ್ದೆ ದಾರಿ, ಟ್ರ್ಯಾಕ್ಟರ್ ದಾರಿ ಹೇಳುತ್ತಾರೆ. ಬೆಳಗ್ಗೆ, ಸಂಜೆ ಡೇರಿಗೆ ಹಾಲು ಹಾಕುವವರು, ಅಂಗನವಾಡಿಗೆ ಮಗು ಬಿಡುವವರು, ನ್ಯಾಯಬೆಲೆ ಅಂಗಡಿಗೆ ಹೋಗುವವರು, ಕುರಿ ಹೊಡೆದುಕೊಂಡು ಹೋಗುವ ಅಜ್ಜಿ, ಇವರೆಲ್ಲ ದಾಟುವ ಜಾಗಗಳೇ ಬೇರೆ. ಸ್ಮಶಾನದ ದಾರಿಯನ್ನು ಎಲ್ಲರೂ ಮರೆಯುತ್ತಾರೆ. ಹೆಣ ಹೊತ್ತುಕೊಂಡು ಎರಡು ಮೂರು ಕಿಲೋಮೀಟರ್ ಸುತ್ತುವುದು ಎಂಥ ಕಷ್ಟ ಅನ್ನುವುದು ಅಂಥ ಊರಿನವರಿಗೇ ಗೊತ್ತು.

ಪ್ರತಿ ಗುರುತಿನ ಮುಂದೆ ಸರ್ವೆ ನಂಬರ್, ದಾಟುವ ಜನರ ಅಂದಾಜು, ದಾಟುವ ವಾಹನಗಳ ಬಗೆ ಬರೆಯಿರಿ. ಫೋಟೋ ಸೇರಿಸಿ. ಆಮೇಲೆ ಗ್ರಾಮಸಭೆ ಕರೆಸಿ ಅದನ್ನು ನಿರ್ಣಯವಾಗಿ ಬರೆಸಿ. ಒಬ್ಬರ ಅರ್ಜಿಯನ್ನು ಪಕ್ಕಕ್ಕಿಡುವುದು ಸುಲಭ. ನಡಾವಳಿ ಪುಸ್ತಕದಲ್ಲಿ ಸಹಿ ಬಿದ್ದ ನಿರ್ಣಯವನ್ನು ಹಾಗೆ ಪಕ್ಕಕ್ಕಿಡುವುದು ಕಷ್ಟ. ಪ್ರತಿಗಳನ್ನು ಹೆದ್ದಾರಿ ಪ್ರಾಧಿಕಾರದ ಯೋಜನಾ ಅನುಷ್ಠಾನ ಘಟಕಕ್ಕೆ, ಜಿಲ್ಲಾಧಿಕಾರಿಗೆ, ಸಂಸದರಿಗೆ, ಶಾಸಕರಿಗೆ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಮುದ್ರೆ ಇಲ್ಲದ ಅರ್ಜಿ ಕೊಟ್ಟರೂ ಒಂದೇ, ಬಿಟ್ಟರೂ ಒಂದೇ.

ಜೊತೆಗೆ ಒಂದು ಆರ್‌ಟಿಐ (ಮಾಹಿತಿ ಹಕ್ಕು) ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರ 30 ದಿನದಲ್ಲಿ ಬರಬೇಕು. "ಯೋಜನೆಯ ಮಾಹಿತಿ ಕೊಡಿ" ಅಂತ ಸುಮ್ನೆ ಬರೆದರೆ ಏನೂ ಸಿಗುವುದಿಲ್ಲ. ಹೀಗೆ ಬರೆಯಿರಿ: ಡಿಪಿಆರ್‌ನಲ್ಲಿ (ಸವಿವರ ಯೋಜನಾ ವರದಿಯಲ್ಲಿ) ನಮ್ಮ ಗ್ರಾಮದ ಗಡಿಯೊಳಗೆ ಬರುವ ಅಂಡರ್‌ಪಾಸ್, ಮೇಲ್ಸೇತುವೆ, ಮೋರಿಗಳ ಪಟ್ಟಿ, ಪ್ರತಿಯೊಂದರ ಅಗಲ, ಎತ್ತರ ಮತ್ತು ಕಿಲೋಮೀಟರ್ ಸಂಖ್ಯೆ. ಸರ್ವಿಸ್ ರಸ್ತೆ ಎಲ್ಲಿಂದ ಎಲ್ಲಿಯವರೆಗೆ. ಬೇಲಿ ಎಲ್ಲಿಂದ ಎಲ್ಲಿಯವರೆಗೆ.

ಹಳೇ ರಸ್ತೆ ಅಗಲ ಆಗದೆ, ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇ ಥರ ಹೊಲದ ನಡುವೆ ಹೊಸದಾಗಿಯೇ ರಸ್ತೆ ಬರುವುದಾದರೆ ಇನ್ನೂ ಎಚ್ಚರ ಬೇಕು. ಅಂಥ ರಸ್ತೆಗೆ ನಿಮ್ಮ ಊರಿನಿಂದ ಹತ್ತುವ ದಾರಿಯೇ ಇಲ್ಲದಿರಬಹುದು. ಊರಿನವರ ಪಾಲಿಗೆ ಅದು ಬರೀ ದಾಟಬೇಕಾದ ರಸ್ತೆ.

ಅಂಡರ್‌ಪಾಸ್ ಕೊಟ್ಟರು ಅಂತ ಅಲ್ಲಿಗೇ ಬಿಡಬೇಡಿ

ಎತ್ತರ ಕೇಳಿ. ಬಸ್ಸು, ಲಾರಿ ಹೋಗುವ ದೊಡ್ಡ ಅಂಡರ್‌ಪಾಸಿಗೆ ಐದೂವರೆ ಮೀಟರ್ ಎತ್ತರ ಇರುತ್ತದೆ. ಚಿಕ್ಕ ವಾಹನದ್ದು ಮೂರೂವರೆ, ನಾಲ್ಕು ಮೀಟರ್. ಜನ, ದನ ಹೋಗುವುದಕ್ಕೆ ಅಂತ ಮಾಡುವುದು ಇನ್ನೂ ಕಡಿಮೆ. ಕಬ್ಬು ತುಂಬಿದ ಟ್ರ್ಯಾಕ್ಟರ್ ಟ್ರೈಲರ್, ಭತ್ತದ ಹುಲ್ಲಿನ ಲೋಡು, ಭತ್ತ ಕಟಾವಿನ ಯಂತ್ರ, ಇವು ಚಿಕ್ಕದರಲ್ಲಿ ತೂರುವುದಿಲ್ಲ. ಮಂಡ್ಯ ಸೀಮೆಯಲ್ಲಿ ಕಬ್ಬು ಆಚೆ ಹೋಗದ ದಾರಿ ಕಟ್ಟಿ ಏನು ಪ್ರಯೋಜನ? ಕಟಾವಿನ ಕಾಲದಲ್ಲಿ ತುಂಬಿದ ಗಾಡಿಗೆ ಟೇಪು ಹಿಡಿದು ಅಳೆಯಿರಿ, ಫೋಟೋ ತೆಗೆಯಿರಿ, ಅರ್ಜಿಗೆ ಅಂಟಿಸಿ. ಎಂಜಿನಿಯರುಗಳಿಗೆ ಇಂಥ ಅಳತೆ ತಟ್ಟನೆ ಅರ್ಥವಾಗುತ್ತದೆ.

ಆಮೇಲೆ ನೀರು. ರಸ್ತೆ ಎತ್ತರವಾದಷ್ಟೂ ಅದು ಏರಿಯ ಕೆಲಸ ಮಾಡುತ್ತದೆ. ಒಂದು ಕಡೆಯ ಮಳೆನೀರು ಇನ್ನೊಂದು ಕಡೆ ಹೋಗಲು ಮೋರಿ ಸಾಕಾಗದಿದ್ದರೆ ಗದ್ದೆಯಲ್ಲೇ ನಿಲ್ಲುತ್ತದೆ, ಇಲ್ಲವೇ ಅಂಡರ್‌ಪಾಸಿಗೆ ಇಳಿಯುತ್ತದೆ. 2022ರ ಆಗಸ್ಟ್ ಮಳೆಯಲ್ಲಿ ರಾಮನಗರದ ಹತ್ತಿರ ಹೆದ್ದಾರಿಯೇ ಮುಳುಗಿತ್ತು, ವಾಹನಗಳು ನೀರಿನಲ್ಲಿ ನಿಂತಿದ್ದವು. ಉದ್ಘಾಟನೆಯಾಗಿ ವಾರ ತುಂಬುವ ಮೊದಲೇ, 2023ರ ಮಾರ್ಚ್‌ನಲ್ಲಿ, ಅಲ್ಲೇ ಆಸುಪಾಸಿನಲ್ಲಿ ಮತ್ತೆ ನೀರು ನಿಂತಿತು. ಆಗ ಹೆದ್ದಾರಿ ಪ್ರಾಧಿಕಾರ ಕೊಟ್ಟ ವಿವರಣೆಯನ್ನು ನಾನು ಎಲ್ಲ ಕಡೆ ಹೇಳುತ್ತಿರುತ್ತೇನೆ. ಪಕ್ಕದ ಊರಿನವರು ಹೊಲಕ್ಕೂ ಊರಿಗೂ ಹೋಗಲು ಚರಂಡಿ ಮೇಲೆ ಮಣ್ಣು ಹಾಕಿ ದಾರಿ ಮಾಡಿಕೊಂಡಿದ್ದರು, ಅದರಿಂದ ನೀರು ಕಟ್ಟಿತು ಅಂತ ಅವರು ಹೇಳಿದರು. ಅಂದರೆ ದಾರಿ ಕೊಡದಿದ್ದರೆ ಜನ ತಾವೇ ದಾರಿ ಮಾಡಿಕೊಳ್ಳುತ್ತಾರೆ, ಆಮೇಲೆ ರಸ್ತೆಗೇ ತೊಂದರೆ ಆಗುತ್ತದೆ. ಈ ಮಾತನ್ನು ಸಭೆಯಲ್ಲಿ ಧೈರ್ಯವಾಗಿ ಹೇಳಿ. ದಾಟುವ ದಾರಿ ಕೊಟ್ಟರೆ ರಸ್ತೆಯೂ ಉಳಿಯುತ್ತದೆ.

ನಿಮ್ಮ ನಕ್ಷೆಯಲ್ಲಿ ಹಳ್ಳ, ಕೆರೆ ಕೋಡಿ, ತೂಬಿನ ಕಾಲುವೆ, ನಾಲೆಯ ಕವಲು ಎಲ್ಲ ಇರಲಿ. ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಬಯಲಿನಲ್ಲಿ ಒಂದು ಸಣ್ಣ ಕಾಲುವೆ ಮುಚ್ಚಿದರೆ ಕೆಳಗಿನ ಗದ್ದೆಗಳಿಗೆಲ್ಲ ನೀರಿಲ್ಲ. ನೀರಾವರಿ ನಿಗಮದ ಎಂಜಿನಿಯರ್‌ಗೂ ಪತ್ರ ಬರೆದು ಜಂಟಿ ಪರಿಶೀಲನೆ ಕೇಳಿ. ಪೈಪ್‌ಲೈನ್ ರಸ್ತೆ ದಾಟುತ್ತಿದ್ದರೆ, ಅದಕ್ಕೆ ರಸ್ತೆಯ ಕೆಳಗೆ ಬೇರೆ ಕೊಳವೆ ಹಾಕಿಕೊಡಲು ಕೆಲಸ ಶುರುವಾಗುವ ಮುಂಚೆಯೇ ಕೇಳಬೇಕು.

ಜಮೀನು ಹೋಗುವವರಿಗೆ

ರಾಷ್ಟ್ರೀಯ ಹೆದ್ದಾರಿಗೆ ಜಮೀನು ತೆಗೆದುಕೊಳ್ಳುವುದು 1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆಯ ಪ್ರಕಾರ. ಅದರಲ್ಲಿ ನಾಲ್ಕು ಕಲಮು ನೆನಪಿರಲಿ. 3ಎ ಅಂದರೆ ಈ ಸರ್ವೆ ನಂಬರುಗಳು ಬೇಕು ಅನ್ನುವ ಅಧಿಸೂಚನೆ. ಅದರ ಸಾರ ಎರಡು ಸ್ಥಳೀಯ ಪತ್ರಿಕೆಗಳಲ್ಲಿ ಬರುತ್ತದೆ, ಒಂದು ನಮ್ಮ ಭಾಷೆಯದ್ದೇ ಆಗಿರಬೇಕು. 3ಸಿ ಅಂದರೆ ಆಕ್ಷೇಪಣೆ, ಅಧಿಸೂಚನೆ ಪ್ರಕಟವಾದ ದಿನದಿಂದ 21 ದಿನ ಮಾತ್ರ. ಪತ್ರಿಕೆ ನೋಡಿದ ದಿನದಿಂದ ಲೆಕ್ಕ ಹಾಕಬೇಡಿ, ಗೆಜೆಟ್ ದಿನಾಂಕದಿಂದ ಹಾಕಿ. 3ಡಿ ಘೋಷಣೆ ಆದರೆ ಜಮೀನು ಕೇಂದ್ರ ಸರ್ಕಾರದ್ದು, ಆಮೇಲೆ ಜಮೀನು ಕೊಡಲ್ಲ ಅನ್ನುವ ಮಾತಿಗೆ ಬೆಲೆ ಇಲ್ಲ. 3ಎ ಆಗಿ ಒಂದು ವರ್ಷದೊಳಗೆ 3ಡಿ ಆಗದಿದ್ದರೆ ಮೊದಲ ಅಧಿಸೂಚನೆ ಬಿದ್ದುಹೋಗುತ್ತದೆ. 3ಜಿ ಪರಿಹಾರ ನಿಗದಿಯದ್ದು.

ಪರಿಹಾರದ ಲೆಕ್ಕ 2013ರ ಭೂಸ್ವಾಧೀನ ಕಾಯ್ದೆಯ ಪ್ರಕಾರ. ಮುದ್ರಾಂಕ ಶುಲ್ಕದ ಮಾರ್ಗಸೂಚಿ ದರ ಒಂದು ಕಡೆ. ಹಿಂದಿನ ಮೂರು ವರ್ಷದಲ್ಲಿ ಸುತ್ತಮುತ್ತ ಆದ ಕ್ರಯಪತ್ರಗಳಲ್ಲಿ ಹೆಚ್ಚಿನ ಬೆಲೆಯ ಅರ್ಧದಷ್ಟು ಪತ್ರಗಳನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡ ಸರಾಸರಿ ಇನ್ನೊಂದು ಕಡೆ. ಯಾವುದು ಜಾಸ್ತಿಯೋ ಅದೇ ಮಾರುಕಟ್ಟೆ ಬೆಲೆ. ಹಳ್ಳಿಯ ಜಮೀನಾದರೆ ಅದನ್ನು 1ರಿಂದ 2ರವರೆಗಿನ ಒಂದು ಸಂಖ್ಯೆಯಿಂದ ಗುಣಿಸುತ್ತಾರೆ. ಮರ, ಮನೆ, ಬೋರ್‌ವೆಲ್ ಬೆಲೆ ಸೇರಿಸಿ, ಒಟ್ಟು ಮೊತ್ತದ ಮೇಲೆ ಇನ್ನೊಂದು ಅಷ್ಟೇ ಮೊತ್ತ ಸಾಂತ್ವನ ಧನ ಅಂತ ಕೊಡಬೇಕು. ಉದಾಹರಣೆಗೆ ಮಾರುಕಟ್ಟೆ ಬೆಲೆ 10 ಲಕ್ಷ, ಗುಣಕ 1.5 ಅಂದುಕೊಳ್ಳಿ. 15 ಲಕ್ಷ ಆಯಿತು, ಸಾಂತ್ವನ ಧನ ಸೇರಿ 30 ಲಕ್ಷ. ಇದರ ಮೇಲೆ, ಅಧಿಸೂಚನೆಯಿಂದ ಐತೀರ್ಪಿನವರೆಗೆ (ಪರಿಹಾರ ನಿಗದಿ ಮಾಡುವ ಆದೇಶದವರೆಗೆ) ಮಾರುಕಟ್ಟೆ ಬೆಲೆಗೆ ವರ್ಷಕ್ಕೆ ಶೇಕಡ 12ರ ಲೆಕ್ಕದಲ್ಲಿ ಹೆಚ್ಚುವರಿ. ನಿಮಗೆ ಬಂದ ನೋಟಿಸ್‌ನಲ್ಲಿ ಈ ಒಂದೊಂದೂ ಬೇರೆ ಬೇರೆ ಸಾಲಿನಲ್ಲಿ ಇದೆಯಾ ನೋಡಿ. ಒಟ್ಟು ಮೊತ್ತ ಮಾತ್ರ ಕೊಟ್ಟಿದ್ದರೆ ವಿವರ ಕೇಳಿ.

ಈ ಲೆಕ್ಕದಲ್ಲಿ ಬಿಟ್ಟುಹೋಗುವುದು ಬೇರೆಯೇ. ಜಮೀನಿನ ಮಧ್ಯೆ ರಸ್ತೆ ಹೋಗಿ ಆ ಕಡೆ ಎಂಟು ಗುಂಟೆ ಉಳಿದರೆ, ಅಷ್ಟರಲ್ಲಿ ಟ್ರ್ಯಾಕ್ಟರ್ ತಿರುಗಿಸಲೂ ಆಗುವುದಿಲ್ಲ. ಜಮೀನು ತುಂಡಾದದ್ದರಿಂದ ಆಗುವ ನಷ್ಟ, ಉಳಿದ ಜಮೀನಿಗೆ ಆಗುವ ಹಾನಿ, ಮನೆ ಅಥವಾ ವ್ಯಾಪಾರದ ಜಾಗ ಬದಲಿಸುವ ಖರ್ಚು, ಇವನ್ನೂ ಪರಿಗಣಿಸಬೇಕು ಅಂತ 3ಜಿ ಕಲಮಿನಲ್ಲೇ ಇದೆ. ಕೇಳದಿದ್ದರೆ ಯಾರೂ ತಾವಾಗಿ ಸೇರಿಸುವುದಿಲ್ಲ. ಜಂಟಿ ಅಳತೆಗೆ ಬಂದಾಗ ಮನೆಯವರು ಯಾರಾದರೂ ಅಲ್ಲಿ ಇರಲೇಬೇಕು. ತೆಂಗಿನ ಮರದ ವಯಸ್ಸು, ಹಿಪ್ಪುನೇರಳೆ ಕಡ್ಡಿ, ಪಂಪ್‌ಹೌಸ್, ಡ್ರಿಪ್ ಪೈಪು, ಹುಳು ಸಾಕುವ ಮನೆ, ಎಲ್ಲ ಪಟ್ಟಿಗೆ ಬಂತಾ ನೋಡಿಕೊಂಡೇ ಸಹಿ ಹಾಕಿ. ಪಟ್ಟಿ ತಪ್ಪಿದ್ದರೆ ಸಹಿ ಪಕ್ಕದಲ್ಲೇ ಆಕ್ಷೇಪ ಬರೆಯಿರಿ.

ಪರಿಹಾರ ತಡವಾಗುವುದು ಹೆಚ್ಚಿನ ಸಲ ಕಾಗದದಿಂದ. ಪಹಣಿ ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲೇ ಇರುತ್ತದೆ, ಅಣ್ಣತಮ್ಮಂದಿರ ನಡುವೆ ಪೋಡಿ (ಅಳತೆ ಮಾಡಿ ಜಮೀನು ಬೇರೆ ಮಾಡುವುದು) ಆಗಿರುವುದಿಲ್ಲ. ಸುದ್ದಿ ಬಂದ ಕೂಡಲೇ ಪೌತಿ ಖಾತೆ (ತೀರಿಹೋದವರ ಹೆಸರಿನಿಂದ ವಾರಸುದಾರರ ಹೆಸರಿಗೆ) ಮಾಡಿಸಿ, ವಂಶವೃಕ್ಷ ತೆಗೆಸಿ. ಹೆಣ್ಣುಮಕ್ಕಳ ಹೆಸರು ಬಿಟ್ಟು ವಂಶವೃಕ್ಷ ಕೊಟ್ಟ ಮನೆಗಳಲ್ಲಿ ದುಡ್ಡು ಕೋರ್ಟಿಗೆ ಹೋಗಿ ಕೂತಿದೆ. ಅಕ್ಕತಂಗಿಯರ ಪಾಲು ಮೊದಲೇ ಮಾತಾಡಿಕೊಳ್ಳಿ. ಅದು ಅವರ ಹಕ್ಕು.

ಮೊತ್ತ ಕಡಿಮೆ ಅನ್ನಿಸಿದರೆ ಕೇಂದ್ರ ಸರ್ಕಾರ ನೇಮಿಸಿದ ಮಧ್ಯಸ್ಥಗಾರರ ಮುಂದೆ ಹೋಗಬಹುದು. ಹಣ ತೆಗೆದುಕೊಳ್ಳುವಾಗ "ಆಕ್ಷೇಪಣೆಯೊಂದಿಗೆ ಸ್ವೀಕರಿಸಿದ್ದೇನೆ" ಅಂತ ಬರೆದು ತೆಗೆದುಕೊಳ್ಳಿ. "ನಿಮ್ಮದು ಬೇಗ ಮಾಡಿಸಿಕೊಡ್ತೀನಿ, ಇಷ್ಟು ಪರ್ಸೆಂಟ್" ಅಂತ ಬರುವ ಮಧ್ಯವರ್ತಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಪರಿಹಾರ ನೇರ ನಿಮ್ಮ ಬ್ಯಾಂಕ್ ಖಾತೆಗೇ ಬರುತ್ತದೆ.

ಕೆಲಸ ನಡೆಯುವ ವರ್ಷಗಳು

ರಸ್ತೆ ಪಕ್ಕದ ಮನೆಗಳ ಗೋಡೆ, ಬಾವಿ, ದೇವಸ್ಥಾನದ ಫೋಟೋಗಳನ್ನು ಕೆಲಸ ಶುರುವಾಗುವ ಮುಂಚೆ ತೆಗೆದಿಡಿ. ರೋಲರ್ ಓಡಾಡಿ ಬಿರುಕು ಬಿಟ್ಟಾಗ "ಮೊದಲೇ ಇತ್ತು" ಅನ್ನುತ್ತಾರೆ.

ರೇಷ್ಮೆ ಬೆಳೆಯುವವರಿಗೆ ಧೂಳು ದೊಡ್ಡ ಶತ್ರು. ಧೂಳು ಕೂತ ಸೊಪ್ಪನ್ನು ಹುಳು ಸರಿಯಾಗಿ ತಿನ್ನುವುದಿಲ್ಲ, ಬೆಳೆ ಕೈಕೊಡುತ್ತದೆ. ನಮ್ಮ ಓರಗಿತ್ತಿ ಒಂದು ಬೆಳೆ ಪೂರಾ ಕಳೆದುಕೊಂಡಳು. ದಿನಕ್ಕೆ ಎಷ್ಟು ಸಲ ನೀರು ಹೊಡೆಯಬೇಕು ಅನ್ನುವುದನ್ನು ಗುತ್ತಿಗೆದಾರರ ಕಡೆಯವರಿಂದ ಬರೆಸಿಕೊಳ್ಳಿ. ಹೊಡೆಯದ ದಿನ ದಿನಾಂಕ ಕಾಣುವಂತೆ ಫೋಟೋ ತೆಗೆದು ಪಂಚಾಯ್ತಿಗೂ, ಪರಿಸರ ಮಾಲಿನ್ಯ ನಿಯಂತ್ರಣ ಮಂಡಳಿಗೂ ಕೊಡಿ.

ರಸ್ತೆ ಏರಿಸಲು ಕೆರೆ ಮಣ್ಣು ಕೇಳಿಕೊಂಡು ಬರುತ್ತಾರೆ. ಹೂಳು ತೆಗೆದರೆ ಕೆರೆಗೆ ಒಳ್ಳೆಯದೇ. ಆದರೆ ಎಷ್ಟು ಆಳ, ಏರಿಯಿಂದ ಎಷ್ಟು ದೂರ, ಯಾರ ಅನುಮತಿ, ಇವು ಕಾಗದದಲ್ಲಿ ಇಲ್ಲದೆ ಟಿಪ್ಪರ್ ಇಳಿಯಲು ಬಿಡಬೇಡಿ. ಅಡ್ಡಾದಿಡ್ಡಿ ತೋಡಿದ ಗುಂಡಿಯಲ್ಲಿ ಮಕ್ಕಳು ಮುಳುಗುತ್ತಾರೆ.

ಅಂಗಡಿ, ಹೋಟೆಲ್ ಇಟ್ಟವರು

ನನಗೆ ತುಂಬಾ ನೋವಾಗುವುದು ಇವರ ವಿಷಯದಲ್ಲಿ. ಬಿಡದಿ, ರಾಮನಗರ–ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ, ಎಲ್ಲಕ್ಕೂ ಬೈಪಾಸ್ ಬಂತು. ಬಿಡದಿ ತಟ್ಟೆ ಇಡ್ಲಿ, ಚನ್ನಪಟ್ಟಣದ ಗೊಂಬೆ, ಮದ್ದೂರು ವಡೆ, ಇವೆಲ್ಲ ಬೆಳೆದದ್ದು ದಾರಿಹೋಕರಿಂದ. ಕಾರುಗಳು ಮೇಲಿನಿಂದಲೇ ಹೋಗಲು ಶುರುವಾದ ಮೇಲೆ ಹಳೇ ರಸ್ತೆಯ ಅಂಗಡಿಗಳಲ್ಲಿ ಗಿರಾಕಿ ಕಡಿಮೆಯಾದರು. ಬಾಡಿಗೆಗೆ ಅಂಗಡಿ ಇಟ್ಟವರಿಗೆ, ತಳ್ಳುಗಾಡಿಯವರಿಗೆ, ಎಳನೀರು ಮಾರುವವರಿಗೆ ಪರಿಹಾರದ ಪಟ್ಟಿಯಲ್ಲಿ ಜಾಗವೇ ಇರುವುದಿಲ್ಲ. ಅವರ ಜಮೀನು ಹೋಗಿಲ್ಲವಲ್ಲ.

ಆದ್ದರಿಂದ ವ್ಯಾಪಾರಸ್ಥರು ಒಟ್ಟಾಗಿ ಮೂರು ವಿಷಯ ಕೇಳಬೇಕು. ಮೊದಲನೆಯದು, ಹತ್ತುವ ಇಳಿಯುವ ದಾರಿ ಊರಿಗೆ ಎಷ್ಟು ಹತ್ತಿರ. ಇಳಿಯುವ ದಾರಿ ಊರು ದಾಟಿದ ಮೇಲೆ ಇದ್ದರೆ ಯಾರೂ ವಾಪಸ್ ಬರುವುದಿಲ್ಲ. ಎರಡನೆಯದು, ಇಳಿಯುವ ಜಾಗಕ್ಕೆ ಮುಂಚೆಯೇ ಊರಿನ ಹೆಸರಿನ ಜೊತೆ ಅಲ್ಲಿನ ವಿಶೇಷವೂ ಇರುವ ಫಲಕ. ಮೂರನೆಯದು, ರಸ್ತೆ ಬದಿಯ ವಿಶ್ರಾಂತಿ ತಾಣಗಳಲ್ಲಿ ಸ್ಥಳೀಯರಿಗೆ, ಸ್ತ್ರೀಶಕ್ತಿ ಸಂಘಗಳಿಗೆ ಮಳಿಗೆ. ಈ ಮೂರನೆಯದನ್ನು ಟೆಂಡರ್ ಆಗುವ ಮುಂಚೆ ಕೇಳಬೇಕು.

ಹಳೇ ರಸ್ತೆಯನ್ನು ಮುಂದೆ ಯಾರು ನೋಡಿಕೊಳ್ಳುತ್ತಾರೆ ಅಂತಲೂ ಲಿಖಿತವಾಗಿ ಕೇಳಿ. ಲೋಕೋಪಯೋಗಿ ಇಲಾಖೆಯಾ, ಪುರಸಭೆಯಾ? ಕೈಬದಲಾಗುವ ಮುಂಚೆ ಒಂದು ಸಲ ಪೂರ್ತಿ ರಿಪೇರಿ ಮಾಡಿಸಿಕೊಳ್ಳದಿದ್ದರೆ ಆಮೇಲೆ ಗುಂಡಿ ಮುಚ್ಚಲೂ ಯಾರೂ ಬರುವುದಿಲ್ಲ.

ರಸ್ತೆ ಶುರುವಾದ ಮೇಲೆ

2023ರ ಆಗಸ್ಟ್ 1ರಿಂದ ನಮ್ಮ ಎಕ್ಸ್‌ಪ್ರೆಸ್‌ವೇ ಮೇಲೆ ಬೈಕು, ಆಟೋ, ಟ್ರ್ಯಾಕ್ಟರ್ ಹೋಗುವಂತಿಲ್ಲ. ಸುರಕ್ಷತೆಗೆ ಅದು ಸರಿಯೇ. ಆದರೆ ಹಳ್ಳಿಯವರ ಬದುಕೆಲ್ಲ ಸರ್ವಿಸ್ ರಸ್ತೆಗೆ ಬಂದು ಬಿತ್ತು. ಅಲ್ಲಿ ದೀಪ, ಉಬ್ಬು, ತಿರುವಿನ ಫಲಕ, ಚರಂಡಿ ಮೇಲಿನ ಚಪ್ಪಡಿ ಸರಿ ಇರಬೇಕು. ಸೇತುವೆ ಬಂದ ಕಡೆ ಸರ್ವಿಸ್ ರಸ್ತೆ ನಿಂತುಹೋಗುತ್ತದಾ ಅಂತ ನಕ್ಷೆಯಲ್ಲೇ ನೋಡಿ. ಅಂಥ ತುಂಡುಗಳಿಂದಲೇ ಬೈಕಿನವರು ಎದುರು ದಿಕ್ಕಿನಲ್ಲಿ ಬರುವುದು, ಅಪಘಾತ ಆಗುವುದು.

ಬಸ್ಸಿನ ವಿಷಯಕ್ಕೆ ಕೆಎಸ್‌ಆರ್‌ಟಿಸಿ ವಿಭಾಗೀಯ ನಿಯಂತ್ರಣಾಧಿಕಾರಿಗೆ ಮೊದಲೇ ಬರೆಯಿರಿ. ತಡೆರಹಿತ ಬಸ್ಸುಗಳು ಬೈಪಾಸ್ ಹಿಡಿಯುತ್ತವೆ. ಊರೊಳಗೆ ಬರುವ ಬಸ್ಸುಗಳ ವೇಳಾಪಟ್ಟಿಯನ್ನು ಕಾಲೇಜಿಗೆ ಹೋಗುವ ಹುಡುಗಿಯರ ಸಮಯಕ್ಕೆ ಹೊಂದಿಸಿ ಕೇಳಿ. ಕತ್ತಲಾದ ಮೇಲೆ ಫ್ಲೈಓವರ್ ಪಕ್ಕ ಇಳಿಸಿ ಹೋಗುವಂತಾಗಬಾರದು.

ಟೋಲ್ ನಮ್ಮ ಕಡೆ ಬಿಡದಿ ಹತ್ತಿರ 2023ರ ಮಾರ್ಚ್‌ನಲ್ಲಿ, ಗಣಂಗೂರಿನಲ್ಲಿ ಜುಲೈನಲ್ಲಿ ಶುರುವಾಯಿತು. ಟೋಲ್‌ನಿಂದ 20 ಕಿಲೋಮೀಟರ್ ಒಳಗಿರುವವರ ಸ್ವಂತ ಬಳಕೆಯ ಕಾರಿಗೆ ತಿಂಗಳ ಪಾಸ್ ಇದೆ. ಆ ವರ್ಷ ಅದು 330 ರೂಪಾಯಿ ಇತ್ತು, ಪ್ರತಿ ಏಪ್ರಿಲ್‌ನಲ್ಲಿ ದರ ಬದಲಾಗುತ್ತದೆ. ಸರ್ವಿಸ್ ರಸ್ತೆ ಅಥವಾ ಬೇರೆ ದಾರಿ ಇದ್ದರೆ ಪಾಸ್ ಕೊಡಬೇಕಿಲ್ಲ ಅನ್ನುವ ಮಾತೂ 2008ರ ಟೋಲ್ ನಿಯಮದಲ್ಲಿದೆ. ಆದ್ದರಿಂದ ಪಾಸ್ ಕೊಡುತ್ತೀರಾ ಅಂತ ಟೋಲ್ ಶುರುವಾಗುವ ಮುಂಚೆಯೇ ಬರೆದು ಕೇಳಿ, ಉತ್ತರ ಇಟ್ಟುಕೊಳ್ಳಿ. ವಿಳಾಸದ ದಾಖಲೆ, ಆರ್‌ಸಿ, ಫಾಸ್ಟ್‌ಟ್ಯಾಗ್ ಮೂರರಲ್ಲೂ ಹೆಸರು ಒಂದೇ ಥರ ಇರಲಿ.

ರಸ್ತೆ ಮೇಲೆ ಅಪಘಾತ, ಕೆಟ್ಟು ನಿಂತ ಲಾರಿ, ಮುರಿದ ಬೇಲಿ ಯಾವುದಕ್ಕೂ 1033ಕ್ಕೆ ಕರೆ ಮಾಡಿ. ಕರೆ ಮಾಡುವಾಗ ಪಕ್ಕದ ಕಿಲೋಮೀಟರ್ ಕಲ್ಲಿನ ಸಂಖ್ಯೆ ಹೇಳಿ, ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ನಮ್ಮ ಪಂಚಾಯ್ತಿಯಲ್ಲಿ ಇದಕ್ಕೇ ಒಂದು ಪುಸ್ತಕ ಇಟ್ಟಿದ್ದೆವು: ದಿನಾಂಕ, ಕಿಲೋಮೀಟರ್, ಏನಾಯಿತು, ದೂರಿನ ನಂಬರ್, ಸರಿಯಾಯಿತಾ. ಸ್ಕೈವಾಕ್ ಕೇಳಿ ಅರ್ಜಿ ಹಾಕಿದಾಗ, ಒಂದೇ ಕಿಲೋಮೀಟರ್ ಕಲ್ಲಿನ ಮುಂದೆ ಮತ್ತೆ ಮತ್ತೆ ಬಂದ ಅಪಘಾತಗಳ ಆ ಪುಟಗಳನ್ನೇ ಜೆರಾಕ್ಸ್ ಮಾಡಿಸಿ ಲಗತ್ತಿಸಿದೆವು. ನೀವು ಆ ಪುಸ್ತಕವನ್ನು ಕೆಲಸ ಶುರುವಾದ ದಿನದಿಂದಲೇ ಬರೆಯಿರಿ.